ಊರಿಗೆ ಬಾರದ ಚೀಟಿ

ಬೆಂಗಳೂರಿನ ಹತ್ತಿರದ ವಿಜಯಪುರದಿಂದ ಮೂರು ಮೈಲಿ ಆಚೆಗಿದ್ದ ಆ ಊರಿನಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದು ಎಣಿಸುತ್ತಿರಲಿಲ್ಲ. ಅರ್ಧ ಊರು ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಿಗೆ ಕೂಲಿಗೆ ಹೋಗುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ಗೂಡು ಬೇಯುವ ನೀರಿನ ಮುಂದೆ ಕೂತರೆ ಆ ಹಬೆ, ಆ ಸತ್ತ ಹುಳುವಿನ ನಾತ. ಕೆಮ್ಮು ಬಾರದೆ ಇನ್ನೇನು ಬಂದೀತು? ‘ಶೆಡ್ಡಿನ ಕೆಮ್ಮು’ ಎಂದು ಅದಕ್ಕೊಂದು ಹೆಸರೂ ಇತ್ತು.

ಬೈರಮ್ಮನ ಗಂಡ ಹನುಮಂತರಾಯಪ್ಪನಿಗೂ ಇದ್ದದ್ದು ಶೆಡ್ಡಿನ ಕೆಮ್ಮೇ. ೧೯೮೯ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ವ್ಯಾನು ಊರಿಗೆ ಬಂತು. ಬಿಳಿ ಕೋಟಿನ ಹುಡುಗ ಹುಡುಗಿಯರು ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು, ಹನುಮಂತರಾಯಪ್ಪನೂ ಸೇರಿ ಬಹಳ ದಿನದಿಂದ ಕೆಮ್ಮುತ್ತಿದ್ದ ಹನ್ನೊಂದು ಜನರ ಕಫವನ್ನು ಪುಟ್ಟ ಡಬ್ಬಿಗಳಲ್ಲಿ ತೆಗೆದುಕೊಂಡರು. ಹೆಸರು, ವಯಸ್ಸು, ತಂದೆಯ ಹೆಸರು ಎಲ್ಲವನ್ನೂ ಬರೆದುಕೊಂಡರು. “ಎರಡು ವಾರದಲ್ಲಿ ಫಲಿತಾಂಶದ ಚೀಟಿ ತಂದುಕೊಡ್ತೀವಿ” ಎಂದು ಹೇಳಿ ಹೋದರು.

ಎರಡು ವಾರ ಕಳೆಯಿತು. ಎರಡು ತಿಂಗಳೂ ಕಳೆಯಿತು. ವ್ಯಾನು ಮತ್ತೆ ಬರಲಿಲ್ಲ.

“ಒಂದ್ಸಲ ಹೋಗಿ ಕೇಳ್ಕಂಡ್ ಬನ್ನಿ” ಎಂದು ಬೈರಮ್ಮ ಅಂದಾಗ ಹನುಮಂತರಾಯಪ್ಪ ನಕ್ಕಿದ್ದ.

“ಕಾಯ್ಲೆ ಇದ್ದಿದ್ರೆ ಬಂದು ಹೇಳ್ತಿರ್ಲಿಲ್ವೇನೆ? ಓದ್ದೋರು ಅವ್ರು. ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ್ಲೇ ಅರ್ಥ ಕಣೆ.”

ಆ ಧೈರ್ಯದಲ್ಲೇ ಅವನು ಶೆಡ್ಡಿಗೆ ಹೋದ. ಆಗಾಗ ವಿಜಯಪುರದಲ್ಲಿ ಸೂಜಿ ಹಾಕಿಸಿಕೊಂಡ. ಕಫದಲ್ಲಿ ರಕ್ತ ಬಿದ್ದಾಗ ಉಷ್ಣ ಎಂದುಕೊಂಡು ಎಳನೀರು ಕುಡಿದ. ಮುಂದಿನ ಯುಗಾದಿ ಬರುವ ಹೊತ್ತಿಗೆ ತೀರಿಕೊಂಡ. ನಲವತ್ತನಾಲ್ಕು ವಯಸ್ಸು. ಹೆಣ ಹೊತ್ತವರು, “ಮೈಯಲ್ಲಿ ತೂಕವೇ ಇರಲಿಲ್ಲ” ಎಂದು ಮಾತಾಡಿಕೊಂಡದ್ದು ಬೈರಮ್ಮನ ಕಿವಿಗೂ ಬಿತ್ತು.

ಎರಡು ವರ್ಷ ಕಳೆದ ಮೇಲೆ, ಅದೇ ಕಾಲೇಜಿನವರು ಊರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಡಾಕ್ಟರ್ ಓದು ಮುಗಿಸಿ ತರಬೇತಿಯಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಎರಡೆರಡು ತಿಂಗಳು ಇಲ್ಲೇ ಇರಬೇಕೆಂದು ಏರ್ಪಾಡಾಯಿತು. ಮೊದಲು ಬಂದವಳು ಸ್ನೇಹ. ಮನೆಮನೆ ತಿರುಗುತ್ತಾ ಬೈರಮ್ಮನ ಬಾಗಿಲಿಗೂ ಬಂದಳು. ಒಳಗೆ ಮಗ ಗೋವಿಂದರಾಜು ಕೆಮ್ಮುತ್ತಿದ್ದ.

“ಅಮ್ಮ, ಅವರು ಎಷ್ಟು ದಿನದಿಂದ ಕೆಮ್ತಿದಾರೆ?”

“ಕೇಳಾಕೆ ನೀನ್ಯಾರು?”

“ನಾನು ಸ್ನೇಹ ಅಂತ. ತರಬೇತಿಗೆ ಬಂದಿದೀನಿ, ಡಾಕ್ಟರ್...”

“ಕಲಿಯಾಕ್ ಬಂದಿದೀನಿ ಅನ್ನು. ನನ್ ಗಂಡನ ಮೇಲೆ ಕಲ್ತಿದ್ದು ಸಾಲ್ದಾಯ್ತಾ? ಈಗ ಮಗ ಬೇಕಾ?”

ಬೈರಮ್ಮ ಬಾಗಿಲು ಹಾಕಿಕೊಂಡಳು.

ಮರುದಿನ ನೀರು ಹಿಡಿಯುವಾಗ ಅಂಗನವಾಡಿಯ ಮುನಿವೆಂಕಟಮ್ಮ ಪಕ್ಕಕ್ಕೆ ಬಂದಳು.

“ಬೈರಕ್ಕ, ಆ ಹುಡ್ಗಿ ಮೇಲ್ಯಾಕೆ ಕೋಪ?”

“ಅವಳಲ್ದಿದ್ರೆ ಅವಳಂತೋರು. ಬತ್ತಾರೆ, ಬರ್ಕತಾರೆ, ಹೋಯ್ತಾರೆ.”

“ಕೋಪ ಇರ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಗೋವಿಂದರಾಜು ಒಂದೇ ಸಮ ಸಣ್ಣ ಆಗ್ತಾವ್ನೆ. ತಿಂಗಳ ಮೇಲಾಯ್ತು ಕೆಮ್ಮು. ಸಾಯಂಕಾಲ ಆದ್ರೆ ಜ್ವರ. ಇದು ಶೆಡ್ಡಿನ ಕೆಮ್ಮಲ್ಲ ಕಣಕ್ಕ. ಕಫ ಪರೀಕ್ಷೆ ಮಾಡಿಸ್ಬೇಕು.”

“ಅವರಪ್ಪನ ಚೀಟಿ ಮೊದ್ಲು ತಂದ್ಕೊಡಕ್ಕೇಳು ಅವ್ಳಿಗೆ. ಆಮೇಲೆ ಮಗನ ಕಫ ಕೊಡ್ತೀನಿ.”

ಬೈರಮ್ಮ ಹೇಳಿದ್ದು ಹಂಗಿಸುವುದಕ್ಕೆ. ಮುನಿವೆಂಕಟಮ್ಮ ಅದನ್ನು ಹಾಗೇ ಸ್ನೇಹಳಿಗೆ ಮುಟ್ಟಿಸಿದಳು. ಸ್ನೇಹ ಹನುಮಂತರಾಯಪ್ಪನ ಹೆಸರು, ವ್ಯಾನು ಬಂದ ವರ್ಷ, ತಿಂಗಳು ಬರೆದುಕೊಂಡು ಶನಿವಾರದ ಬಸ್ಸಿಗೆ ಬೆಂಗಳೂರಿಗೆ ಹೋದಳು.

ಸೋಮವಾರ ಬೆಳಿಗ್ಗೆ ಬಂದವಳು ನೇರವಾಗಿ ಬೈರಮ್ಮನ ಮನೆಗೆ ಬಂದಳು. ಜೊತೆಗೆ ಮುನಿವೆಂಕಟಮ್ಮ ಇದ್ದಳು. ಸ್ನೇಹ ಜಗಲಿಯ ಮೇಲೆ ಕೂತು, ಕೈಬರಹದ ಒಂದು ಹಾಳೆ ಬಿಚ್ಚಿದಳು.

“ಅಮ್ಮ, ಹಳೇ ರಿಜಿಸ್ಟರ್ ಸಿಕ್ತು. ಹನ್ನೊಂದು ಜನರದ್ದೂ ಪರೀಕ್ಷೆ ಆಗಿದೆ. ಎಂಟು ಜನಕ್ಕೆ ಏನೂ ಇರಲಿಲ್ಲ. ಮೂರು ಜನಕ್ಕೆ ಟಿ.ಬಿ. ಇತ್ತು. ನಿಮ್ಮ ಯಜಮಾನರಿಗೂ ಇತ್ತು.”

“ಯಾವಾಗ ಗೊತ್ತಾಯ್ತು ನಿಮ್ಗೆ?”

“ಡಬ್ಬಿ ತಗೊಂಡು ಹೋದ ಎಂಟನೇ ದಿನ.”

ಎಂಟನೇ ದಿನ ಹನುಮಂತರಾಯಪ್ಪ ನಡೆದಾಡುತ್ತಿದ್ದ. ಎರಡು ಮುದ್ದೆ ಉಣ್ಣುತ್ತಿದ್ದ. ಆ ದಿನದಿಂದ ಹತ್ತು ತಿಂಗಳು ಬದುಕಿದ್ದ.

“ಮಾತ್ರೆ ಇತ್ತಾ ಆಗ?”

“ಇತ್ತು ಅಮ್ಮ. ಸರ್ಕಾರಿ ಆಸ್ಪತ್ರೇಲಿ ಬಿಟ್ಟಿಯಾಗೇ ಸಿಗ್ತಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

ಸ್ನೇಹ ತಲೆ ಎತ್ತಲಿಲ್ಲ. “ಬಂದಿದ್ದ ಹುಡುಗ್ರಿಗೆ ಪರೀಕ್ಷೆ ಹತ್ರ ಇತ್ತು. ಬರೆದ್ರು, ಪಾಸಾದ್ರು, ಹೋದ್ರು. ಕಾಲೇಜಲ್ಲಿ ಇದು ಒಂದು ಪಾಠ ಅಷ್ಟೆ. ಇಲ್ಲಿಗೆ ತಂದು ಮುಟ್ಟಿಸೋದು ಯಾರ ಕೆಲಸ ಅಂತ ಯಾರೂ ಗೊತ್ತುಮಾಡಿರಲಿಲ್ಲ. ತಪ್ಪಾಯ್ತು ಅಂದ್ರೆ ಸಾಲದು ಅಂತ ಗೊತ್ತು.”

“ಸಾಲ್ದು” ಎಂದಳು ಬೈರಮ್ಮ. “ಇನ್ನಿಬ್ರು ಯಾರು?”

ಮುನಿವೆಂಕಟಮ್ಮ ಹಾಳೆ ತೆಗೆದುಕೊಂಡು ಓದಿದಳು. ಒಬ್ಬ ಪಿಳ್ಳಪ್ಪ. ಅವನು ಹೋದ ವರ್ಷವೇ ಮಣ್ಣು ಸೇರಿದ್ದ. ಇನ್ನೊಬ್ಬ ಕೆಳಗಿನ ಬೀದಿಯ ಆದಿನಾರಾಯಣಪ್ಪ. ಅವನು ಇನ್ನೂ ಬದುಕಿದ್ದ, ಕೆಮ್ಮುತ್ತಾ.

ಬೈರಮ್ಮ ಎದ್ದಳು. ಸೆರಗು ಬಿಗಿಮಾಡಿಕೊಂಡು ಕೆಳಗಿನ ಬೀದಿಗೆ ನಡೆದಳು. ಆದಿನಾರಾಯಣಪ್ಪ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದ.

“ಅಣ್ಣಯ್ಯ, ಏಳು. ನಿನಗೂ ಅದೇ ಐತಂತೆ. ಮೂರ್ ವರ್ಷದಿಂದ ಬರ್ದಿಟ್ಕಂಡವ್ರೆ, ಹೇಳ್ಲಿಲ್ಲ.”

“ಈಗೇನ್ ಮಾಡಾದಮ್ಮ, ಆಗೋಯ್ತಲ್ಲ?”

“ಆಗೋಗಿದ್ದು ನನ್ ಗಂಡಂದು. ನೀನಿನ್ನೂ ಕೂತಿದ್ದೀಯ. ಏಳು.”

ಅಂದೇ ಗೋವಿಂದರಾಜುವಿನದೂ ಆದಿನಾರಾಯಣಪ್ಪನದೂ ಕಫ ತೆಗೆದುಕೊಂಡರು. ಡಬ್ಬಿ ಕೊಡುವಾಗ ಬೈರಮ್ಮ ಸ್ನೇಹಳಿಗೆ ಒಂದು ಮಾತು ಹೇಳಿದಳು.

“ನಿನ್ನ ನಂಬಿ ಕೊಡ್ತಿಲ್ಲ. ಚೀಟಿ ನಮ್ಮೂರೋರ ಕೈಗೆ ಬರ್ಬೇಕು. ನಮ್ಮೂರಲ್ಲೂ ಒಂದು ಪುಸ್ತಕ ಇರ್ಬೇಕು. ನೀನು ಹೋದ್ಮೇಲೂ ಅದು ಇಲ್ಲೇ ಇರ್ಬೇಕು.”

“ಆಗ್ಲಿ ಅಮ್ಮ.”

ಐದನೇ ದಿನ ಚೀಟಿ ಬಂತು. ಇಬ್ಬರಿಗೂ ಟಿ.ಬಿ. ಇತ್ತು. ಮಾತ್ರೆಗಳು ವಿಜಯಪುರದ ಆಸ್ಪತ್ರೆಯಿಂದ ಅಂಗನವಾಡಿಗೆ ಬಂದವು. ದಿನಾ ಬೆಳಿಗ್ಗೆ ಇಬ್ಬರೂ ಬಂದು ಮುನಿವೆಂಕಟಮ್ಮನ ಎದುರಿಗೇ ನುಂಗಬೇಕು. ನುಂಗಿದ್ದಕ್ಕೆ ಪುಸ್ತಕದಲ್ಲಿ ಗುರುತು ಹಾಕಬೇಕು. ಎರಡನೇ ತಿಂಗಳಿಗೇ ಗೋವಿಂದರಾಜುವಿನ ಕೆಮ್ಮು ನಿಂತಿತು.

“ವಾಸಿ ಆಯ್ತಲ್ಲ, ಇನ್ಯಾಕವ್ವ ಮಾತ್ರೆ? ಹೊಟ್ಟೆ ತೊಳಸ್ತದೆ” ಎಂದ.

ಬೈರಮ್ಮ ಅವನ ಕೈ ಹಿಡಿದು ಎಳೆದುಕೊಂಡೇ ಅಂಗನವಾಡಿಗೆ ಹೋದಳು. “ಎಂಟು ತಿಂಗಳು ಅಂದವ್ರೆ. ಒಂದ್ ದಿನ ಕಮ್ಮಿ ಆಗ್ಕೂಡ್ದು.”

ಎಂಟು ತಿಂಗಳೂ ನುಂಗಿದ. ಉಳಿದ. ಆದಿನಾರಾಯಣಪ್ಪನೂ ಒಂದು ದಿನ ತಪ್ಪಿಸಲಿಲ್ಲ. ಆದರೆ ಮೂರು ವರ್ಷದಲ್ಲಿ ಅವನ ಶ್ವಾಸಕೋಶ ಹಾಳಾಗಿಹೋಗಿತ್ತು. ಐದನೇ ತಿಂಗಳಲ್ಲಿ ಹೋದ. ಅವನ ಹೆಂಡತಿ ಬೈರಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತಳೇ ಹೊರತು ಯಾರನ್ನೂ ಬೈಯಲಿಲ್ಲ. ಬೈರಮ್ಮನಿಗೆ ಅದೇ ಹೆಚ್ಚು ಸಂಕಟವಾಯಿತು.

ಸ್ನೇಹ ಹೋದ ಮೇಲೆ ಇನ್ನೊಬ್ಬರು ಬಂದರು, ಅವರ ನಂತರ ಮತ್ತೊಬ್ಬರು. ಊರಿನ ಪುಸ್ತಕದಲ್ಲಿ ಎಲ್ಲ ಚೀಟಿಗಳೂ ತಲುಪಿವೆ ಎಂದು ಊರಿನವರು ಸಹಿಯೋ ಹೆಬ್ಬೆಟ್ಟೋ ಹಾಕದೆ ಅವರ ತರಬೇತಿ ಮುಗಿಯುವಂತಿಲ್ಲ ಎಂದು ಕಾಲೇಜಿನವರು ಗೊತ್ತುಮಾಡಿದರು. ಹೊಸಬರು ಬಂದ ದಿನ ಬೈರಮ್ಮನೇ ಅವರನ್ನು ಪಿಳ್ಳಪ್ಪನ ಮನೆಗೂ ಆದಿನಾರಾಯಣಪ್ಪನ ಮನೆಗೂ ಕರೆದುಕೊಂಡು ಹೋಗಿ, ಅಲ್ಲಿನ ಹೆಂಗಸರ ಎದುರಿಗೆ ಕೂರಿಸುತ್ತಾಳೆ. “ಇವ್ರ ಹತ್ರ ಮಾತಾಡಿ. ಆಮೇಲೆ ಕೆಲ್ಸ ಶುರು ಮಾಡಿ” ಎನ್ನುತ್ತಾಳೆ.

“ಈಗಾದ್ರೂ ಕ್ಷಮಿಸಿದ್ಯಾ ಬೈರಕ್ಕ?” ಎಂದು ಮುನಿವೆಂಕಟಮ್ಮ ಒಮ್ಮೆ ಕೇಳಿದಳು.

“ಇಲ್ಲ” ಎಂದಳು ಬೈರಮ್ಮ. “ಕ್ಷಮಿಸಾದ್ ಬ್ಯಾರೆ, ಕೆಲ್ಸ ಬ್ಯಾರೆ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎರಡು ವಾರ ದಾಟಿದ ಕೆಮ್ಮನ್ನು ಕಸುಬಿನ ಕೆಮ್ಮು ಎಂದು ಬಿಡಬೇಡಿ, ಕಫ ಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದರೆ ಡಾಕ್ಟರು ಸಾಕು ಅನ್ನುವವರೆಗೆ ಬಿಡಬೇಡಿ. ಕಲಿಯುವ ಡಾಕ್ಟರು, ಕಲಿಯುವ ನರ್ಸು ನಿಮ್ಮ ಊರಿಗೆ ಬಂದರೆ ಒಳಗೆ ಕರೆಯಿರಿ. ಅವರು ಕಲಿಯಬೇಕಾದ್ದು ನಿಮ್ಮ ನಡುವೆಯೇ. ಆದರೆ ನಿಮ್ಮಿಂದ ಏನು ಬರೆದುಕೊಂಡು ಹೋದರೋ ಅದರ ಉತ್ತರ ನಿಮಗೆ ಸೇರಬೇಕಾದ್ದು. ಊರಿನ ಒಬ್ಬ ಹೆಣ್ಣುಮಗಳ ಕೈಗೆ ಪುಸ್ತಕ ಕೊಟ್ಟು, ಅವಳಿಗೂ ಕಲಿಸಿ ಎಂದು ಹಟ ಹಿಡಿಯಿರಿ. ಹೇಳಿದ ದಿನಕ್ಕೆ ಚೀಟಿ ಬರದಿದ್ದರೆ ಮರುದಿನವೇ ಬಸ್ಸು ಹತ್ತಿ ಹೋಗಿ, ಕೊಡುವವರೆಗೆ ಅವರ ಬಾಗಿಲಲ್ಲಿ ಕೂತುಕೊಳ್ಳಿ.