ಎಡಗಡೆಯ ದನಿ

‘ಗೋರೆ’ ಮತ್ತು ‘ಮಾರ್ಕೆನ್’ ಒಂದೇ ನಕ್ಷೆಯಿಂದ ಹುಟ್ಟಿದ ಅಕ್ಕತಂಗಿ ಯುದ್ಧನೌಕೆಗಳು. ಮೂರು ಪಟಗಂಬ, ಒಂದು ಹೊಗೆಗೊಳವೆ, ಕಬ್ಬಿಣದ ಒಡಲಿಗೆ ಮರದ ಹೊದಿಕೆ. ಒಂದರಲ್ಲಿ ದುಡಿದವನು ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲ ಎಂದು ನಾವಿಕರೆಲ್ಲ ನಂಬಿದ್ದರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ವೀಬೆಯೂ ನಂಬಿದ್ದ.

ಸುರಬಾಯಾ ಬಂದರಿನಲ್ಲಿ ಅವನಿಗೆ ಮಾರ್ಕೆನ್‌ನಿಂದ ಗೋರೆಗೆ ವರ್ಗವಾಯಿತು. ಕೇಳಿಕೊಂಡವನು ಅವನೇ. ಮಾರ್ಕೆನ್‌ನ ಬಾಯ್ಲರ್ ಕೋಣೆಯಲ್ಲಿ ಹಬೆಯ ಕೊಳವೆ ಒಡೆದು ಅವನ ಊರಿನ ಗೆಳೆಯ ಯೆಲ್ಲೆ ಬೆಂದು ಸತ್ತಿದ್ದ. ಆಗ ಮೇಲೆ ಡೆಕ್ಕಿನಲ್ಲಿದ್ದ ವೀಬೆಗೆ ನೆಲದ ಜಾಲರಿಯ ಕೆಳಗಿನಿಂದ ಅವನ ಒಂದೇ ಕೂಗು ಕೇಳಿಸಿತ್ತು: “ಎಡಕ್ಕೆ, ಎಡಕ್ಕೆ.” ಹಬೆಯನ್ನು ನಿಲ್ಲಿಸುವ ಚಕ್ರ ಏಣಿಯ ಎಡಗಡೆಯಿತ್ತು. ಇಳಿದವರ ಕೈಗೆ ಅದು ಹೊತ್ತಿಗೆ ಸಿಗಲಿಲ್ಲ.

ಹೊಸಬರು ಬಂದರೆ ಬೆವರೊರೆಸುವ ಬಟ್ಟೆಯಿಂದ ಕಣ್ಣು ಕಟ್ಟಿ, ಬಾಯ್ಲರ್ ಕೋಣೆಯ ಒಂದೊಂದು ಚಕ್ರವನ್ನೂ ಮುಟ್ಟಿಸಿ ಹೆಸರು ಹೇಳಿಸುವುದು ಆ ಹಡಗುಗಳ ವಾಡಿಕೆ. ವೀಬೆ ಬಂದ ದಿನ ಗೋರೆಯ ಬಾಯ್ಲರ್ ಕೋಣೆಯ ಮೇಲಾಳು ಹಾರ್ಮ್ ಟಿಖೆಲಾರ್ ಬೇಡವೆಂದು ಕೈಬೀಸಿಬಿಟ್ಟ.

“ನಿನಗ್ಯಾಕೋ ಇದು? ತಂಗಿ ಮನೆಯಿಂದ ಅಕ್ಕನ ಮನೆಗೆ ಬಂದಿದೀಯ. ಹೋಗು, ಬಟಾಣಿ ಸಾರು ಆರಿಹೋಗ್ತದೆ.”

“ನಿಮ್ಮ ಬಟ್ಟೆ ವಾಸನೆ ನೋಡಿದ್ರೆ, ಬಿಟ್ಟಿದ್ದೇ ಪುಣ್ಯ ಬಾಸ್.”

ಎಲ್ಲರೂ ನಕ್ಕರು. ಹಡಗು ಯುದ್ಧ ನಡೆಯುತ್ತಿದ್ದ ಅಚೆ ಎಂಬ ನಾಡಿನ ತೀರದ ಕಡೆಗೆ ಹೊರಟಿತು.

ಆದರೆ ಯೆಲ್ಲೆ ಮಾರ್ಕೆನ್‌ನಲ್ಲೇ ಉಳಿದಿರಲಿಲ್ಲ. ಸಲಿಕೆ ಎತ್ತಿದಾಗ, ಬೂದಿ ಎಳೆದಾಗ, ಎಡಗಿವಿಯ ಪಕ್ಕದಲ್ಲೇ ಅವನ ದನಿ. ಕಾದ ಕಬ್ಬಿಣ ಹಿಗ್ಗುವಾಗ ಸದ್ದು ಮಾಡುತ್ತದೆ ಎಂದು ವೀಬೆ ತನಗೆ ತಾನೇ ಹೇಳಿಕೊಂಡ. ಆದರೆ ಕಬ್ಬಿಣ ತಮ್ಮೂರ ಕಡೆಯ ಫ್ರೀಸ್‌ಲ್ಯಾಂಡಿನ ಮಾತನ್ನು ಎಲ್ಲಿ ಕಲಿಯಿತು?

ಮೂರನೆಯ ಬೆಳಿಗ್ಗೆ ಕೊಳವೆ ಒಡೆಯಿತು.

ವೀಬೆ ಏಣಿ ಇಳಿಯುತ್ತಿದ್ದ. ಹಾರ್ಮ್ ಕೋಣೆಯ ಆ ತುದಿಯಲ್ಲಿ, ಕಲ್ಲಿದ್ದಲಿನ ಉಗ್ರಾಣದ ಬಾಗಿಲ ಬಳಿಯಿದ್ದ. ಒಂದು ಉಸಿರಿನಷ್ಟರಲ್ಲಿ ಎಲ್ಲ ಬೆಳ್ಳಗಾಯಿತು. ಹಬೆ ಮೇಲಕ್ಕೇರುತ್ತದೆ, ನೆಲದಲ್ಲಿ ಸ್ವಲ್ಪ ಹೊತ್ತು ಉಸಿರಾಡಬಹುದು. ವೀಬೆ ಹೊಟ್ಟೆಯ ಮೇಲೆ ಮಲಗಿದ. ಅಷ್ಟು ಹೊತ್ತೇ ಹಾರ್ಮ್‌ಗೂ ಉಳಿದಿದ್ದದ್ದು. ದಿನದ ಕೆಲಸದಲ್ಲಿ ಹಬೆ ನಿಲ್ಲಿಸುವ ಚಕ್ರವನ್ನು ಮೇಲಾಳಲ್ಲದೆ ಬೇರೆಯವರು ತಿರುಗಿಸುವಂತಿರಲಿಲ್ಲ. ಹೇಗೂ ಗೊತ್ತಿರುವುದೇ ಎಂದು ವೀಬೆ ಗೋರೆಯಲ್ಲಿ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

“ಎಡಕ್ಕೆ,” ಅಂದ ಯೆಲ್ಲೆ.

ವೀಬೆ ಎಡಕ್ಕೆ ಕೈ ಚಾಚಿದ. ಬರೀ ಗೋಡೆ, ಬೋಲ್ಟುಗಳ ತಲೆ. ಮತ್ತೆ ಸವರಿದ. ಗೋಡೆಯೇ.

“ಎಡಕ್ಕೆ ಕಣೋ, ಇನ್ನೂ ಎಡಕ್ಕೆ.”

ಬೇರೆಲ್ಲಿಂದಲೋ ಕ್ಷೀಣವಾಗಿ ಇನ್ನೊಂದು ಕೂಗು: “ಬಲಕ್ಕೆ.” ಇದು ಹಾರ್ಮ್‌ನದು.

ನಕ್ಷೆ ಒಂದೇ, ಕಟ್ಟಿದ ಕಾರ್ಖಾನೆ ಬೇರೆ. ಇಲ್ಲಿ ಕೊಳವೆಯನ್ನು ಆ ಬದಿಯಿಂದ ತಂದಿರಬೇಕು. ಬುದ್ಧಿಗೆ ಇದು ಹೊಳೆಯಿತು, ಮೈ ಒಪ್ಪಲಿಲ್ಲ. ಎಡಗಡೆಯವನು ಕರೆಯುತ್ತಲೇ ಇದ್ದ. ಅಂದು ಅವನ ಮಾತನ್ನು ಯಾರೂ ನಡೆಸಿಕೊಟ್ಟಿರಲಿಲ್ಲ. ಇಂದೂ ಬೆನ್ನು ತೋರಿಸಬೇಕೇ?

ವೀಬೆ ಬಲಕ್ಕೆ ಹೊರಳಿದ. ಚಕ್ರ ಸಿಕ್ಕಿತು. ಅಂಗೈಯ ಚರ್ಮ ಅದಕ್ಕೆ ಅಂಟಿಕೊಂಡರೂ ತಿರುಗಿಸುತ್ತಲೇ ಹೋದ, ಭೋರ್ಗರೆತ ಸಿಳ್ಳಾಗಿ, ಸಿಳ್ಳು ನಿಟ್ಟುಸಿರಾಗಿ ನಿಲ್ಲುವವರೆಗೂ.

ಹಾರ್ಮ್‌ನನ್ನು ಡೆಕ್ಕಿಗೆ ಎಳೆದು ತಂದಾಗ ಅವನ ಬೆನ್ನೆಲ್ಲ ಬೊಬ್ಬೆ. ಜೀವವಿತ್ತು, ನಾಲಿಗೆಯೂ ಇತ್ತು.

“ಕತ್ತೆ ನನ್ಮಗನೆ, ಎಷ್ಟೊತ್ತೋ ನಿಂಗೆ?” ಎಂದ. ನೀರು ಕುಡಿಸಿದರು. ಅವನು ಸುತ್ತಲೂ ಕಣ್ಣಾಡಿಸಿ, “ಅವನೆಲ್ಲಿ?” ಎಂದು ಕೇಳಿದ.

“ಯಾರು ಬಾಸ್?”

“ನನ್ನ ಪಕ್ಕದಲ್ಲೇ ಬಿದ್ದಿದ್ನಲ್ಲ, ಎಡಕ್ಕೆ ಎಡಕ್ಕೆ ಅಂತ ಬಡ್ಕೊಳ್ತಾ. ನಿಮ್ಮೂರ ಕಡೆ ಮಾತು. ಅವನನ್ನ ಒಳಗೇ ಬಿಟ್ಟು ಬಂದ್ರೇನೋ?”

ಎಲ್ಲರೂ ಒಬ್ಬರನ್ನೊಬ್ಬರು ಎಣಿಸಿಕೊಂಡರು. ಯಾರೂ ಕಡಿಮೆಯಿರಲಿಲ್ಲ.

ವೀಬೆ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಏಣಿ ಇಳಿದ. ಆಮೇಲೆ, ಮಲಗಿದ ಮಗುವಿನ ಹತ್ತಿರ ಆಡುವಂಥ ಮೆಲುದನಿಯಲ್ಲಿ ಅವನು ಹೇಳಿದ್ದು ಜಾಲರಿಯ ಮೇಲಿದ್ದವರಿಗೆ ಕೇಳಿಸಿತು:

“ಸಾಕು ಯೆಲ್ಲೆ. ಹಬೆ ನಿಂತಿದೆ.”