ಉಡಚವ್ವನ ಮೂಲಸೌಕರ್ಯ

ಬ್ಯಾಂಕಿನ ಅರ್ಜಿಯ ಏಳನೆಯ ಕಾಲಮ್ಮಿನಲ್ಲಿ 'ಉದ್ಯಮಕ್ಕಿರುವ ಮೂಲಸೌಕರ್ಯ' ಎಂದಿತ್ತು. ಬಿ.ಕಾಂ. ಮುಗಿಸಿದ ಮೀನಾಕ್ಷಿ ಸುಳ್ಳು ಬರೆಯುವವಳಲ್ಲ. 'ಸಿಮೆಂಟಿನ ಒಣಗಿಸುವ ಕಣ, ಉದ್ದ ನಾಲ್ಕುನೂರು ಅಡಿ, ಅಗಲ ಹನ್ನೆರಡು' ಎಂದು ಅಳೆದೇ ಬರೆದಿದ್ದಳು. ಅವಳ ಅವ್ವ ಉಡಚವ್ವ ಖಾರದ ಪುಡಿ ಮಾಡಿ ಬ್ಯಾಡಗಿ, ರಾಣೆಬೆನ್ನೂರಿನ ಅಂಗಡಿಗಳಿಗೆ ಕೊಡುತ್ತಿದ್ದಳು. ಸಾಲ ಮಂಜೂರಾದರೆ ಖಾರ ಕುಟ್ಟುವ ಸ್ವಂತ ಮಷೀನು. ಇಲ್ಲವಾದರೆ ಇನ್ನೊಂದು ವರ್ಷ ಗಿರಣಿಯ ಮುಂದೆ ಸರದಿ.

ಬ್ಯಾಂಕಿನಿಂದ ಪರಿಶೀಲನೆಗೆ ಬಂದ ರುದ್ರಮುನಿ ಸಾಹೇಬರು ಬೈಕನ್ನು ದೂರದಲ್ಲೇ ನಿಲ್ಲಿಸಿ, ಹರವಿದ್ದ ಮೆಣಸಿನಕಾಯಿ ತುಳಿಯದಂತೆ ಕಾಲು ಎತ್ತೆತ್ತಿ ಇಡುತ್ತ ಬಂದರು.

"ಕಣ ಎಲ್ಲೈತವಾ?"

"ನೀವು ಅದರ ಮ್ಯಾಲೇ ನಿಂತೀರಲ್ರಿ," ಎಂದಳು ಉಡಚವ್ವ.

"ಇದು ಸರಕಾರದ ರಸ್ತೆ!"

"ಹಾಕಿಸಿದ್ದು ಸರಕಾರ, ಖರೇರಿ. ದಿನಾ ಕಸ ಹೊಡಿಯಾಕಿ ನಾ."

ಮೀನಾಕ್ಷಿ ಗಂಟಲು ಸರಿಮಾಡಿಕೊಂಡಳು. "ಸರ್, ಕಾಲೇಜಿನ ಪುಸ್ತಕದಾಗ ರಸ್ತೇನೂ ಮೂಲಸೌಕರ್ಯ ಅಂತ ಐತ್ರಿ."

"ದೇಶಕ್ಕ ಹೌದವಾ. ನಾಳೆ ನೀವು ಕಂತು ಕಟ್ಟಲಿಲ್ಲಂದ್ರ ಏನ್ ಜಪ್ತಿ ಮಾಡ್ಲಿ, ರಸ್ತೇನ?"

"ಚಾಪಿಗತೆ ಸುತ್ಕೊಂಡು ಒಯ್ಯಿರಿ," ಎಂದಳು ಉಡಚವ್ವ.

ಸಾಹೇಬರೂ ನಕ್ಕರು. ನಗುತ್ತಲೇ ಏಳನೆಯ ಕಾಲಮ್ಮಿಗೆ ಗೀಟು ಎಳೆದರು. "ಬಾಡಿಗಿ ಕಣ ಆದ್ರೂ ನಡೀತೈತಿ. ಕರಾರುಪತ್ರ ತರ್ರಿ."

ಬಾಡಿಗೆಯ ಕಣವನ್ನು ಜಪ್ತಿ ಮಾಡುವುದು ಹೇಗೆ ಎಂದು ಕೇಳಬೇಕೆನಿಸಿತು ಮೀನಾಕ್ಷಿಗೆ. ಬದಲಿಗೆ 'ಕರಾರುಪತ್ರ' ಎಂದು ಅಂಗೈ ಮೇಲೆ ಬರೆದುಕೊಂಡಳು.

ಪಕ್ಕದ ಮನೆಯ ಜಟ್ಟೆಪ್ಪನ ಹಿತ್ತಲಲ್ಲಿ ಒಂದು ಮಣ್ಣಿನ ಕಣವಿತ್ತು. ಅಲ್ಲಿ ಕಾಯಿ ಹರವಿದರೆ ಖಾರಕ್ಕಿಂತ ಧೂಳೇ ಹೆಚ್ಚು ತೂಗುತ್ತಿತ್ತು. ಅಂಚಿಗೆ ಜಾಲಿ ಬೇರೆ. ಆದರೆ ಅದಕ್ಕೆ ಉತಾರ ಇತ್ತು, ಜಾಗದ ಸರಕಾರಿ ದಾಖಲೆ, ಜಟ್ಟೆಪ್ಪನ ಹೆಸರಿನಲ್ಲಿ. ಬಾಂಡ್ ಪೇಪರಿನ ಮೇಲೆ ಆತ ಸಹಿ ಹಾಕಿದ. ಹದಿನೈದೇ ದಿನಕ್ಕೆ ಸಾಲ ಮಂಜೂರಾಯಿತು. ಪತ್ರದಲ್ಲಿ 'ಮೂಲಸೌಕರ್ಯ: ತೃಪ್ತಿಕರ' ಎಂದಿತ್ತು. ಸಾಹೇಬರು ಆ ಕಣ ನೋಡಲು ಬಂದಿರಲೇ ಇಲ್ಲ.

ಮರುದಿನ ಮುಂಜಾನೆ ತಾಯಿ ಮಗಳು ಬುಟ್ಟಿ ಹೊತ್ತು ಹೊರಬಂದರೆ, ಅರ್ಧ ರಸ್ತೆಯ ತುಂಬ ಗೋವಿನಜೋಳ. ಜಟ್ಟೆಪ್ಪ ಕಾಲಿನಿಂದ ಸಾಲು ಎಳೆಯುತ್ತ ಹರವುತ್ತಿದ್ದ.

"ಯಾಕೋ ಜಟ್ಟೆಪ್ಪಾ, ನಿನ್ನ ಕಣಕ್ಕೇನಾಗೈತಿ?"

"ಅದನ್ನ ನಿಮಗ ಬಾಡಿಗಿ ಕೊಟ್ಟೇನಲ್ಲ ಯಕ್ಕಾ. ಕರಾರು ಮುರಿಯಾಕ ಬರ್ತೈತೇನು?"

ಉಡಚವ್ವ ಮಗಳ ಮುಖ ನೋಡಿದಳು. ಉಳಿದ ಆರು ಅಡಿಯಲ್ಲಿ ಇಬ್ಬರೂ ಬುಟ್ಟಿ ಸುರಿದರು.