ಲಕ್ಕಮ್ಮನ ಒಕ್ಕಲು

"ನಮ್ಮನೆದೇವ್ರಾ? ಲಕ್ಕಮ್ಮ ಕಣವ್ವ. ಯಾಕ್ ಕೇಳ್ದೆ?" ಎಂದಿತು ಫೋನಿನ ಆ ಕಡೆಯ ದನಿ.

"ಅಯ್ಯೋ, ನಮ್ದೂ ಲಕ್ಕಮ್ಮನೇ!" ಎಂದಳು ಸ್ನೇಹಲತಾ, ಕಣ್ಣು ಮುಚ್ಚಿಕೊಂಡೇ.

ಕಣ್ಣು ಮುಚ್ಚದೆ ಅವಳಿಗೆ ಫೋನಿನಲ್ಲಿ ಮಾತು ಬಾರದು. ಮುಚ್ಚಿದರೆ ಹಾಸನದ ಆ ಮೂರನೇ ಮಹಡಿಯ ಆಫೀಸು, ಸಾಲು ಕಂಪ್ಯೂಟರು ಎಲ್ಲ ಕರಗಿ, ಕಿವಿಯೊಳಗೆ ಯಾರದೋ ಊರು ತೆರೆದುಕೊಳ್ಳುತ್ತಿತ್ತು. ಇವತ್ತಿನದು ಶಾಂತಿಗ್ರಾಮದ ಹತ್ತಿರದ ಒಂದು ಖಾಸಗಿ ಡೈರಿ. ಹಾಲಿನ ಕ್ಯಾನು ಇಳಿಸುವ ಸದ್ದು, ಎಲ್ಲೋ ಒಂದು ಕೋಳಿ, ದೂರದಲ್ಲಿ ಬಸ್ಸಿನ ಹಾರನ್ನು. ಮಾತಾಡುತ್ತಿದ್ದವನು ಅಲ್ಲಿನ ಗುಮಾಸ್ತ ಕೆಂಪಣ್ಣ.

"ಅಂಗಾದ್ರೆ ನೀನು ನಂಗೆ ಮಗಳಾಗ್ಬೇಕು ಕಣವ್ವ! ಒಂದೇ ದೇವ್ರ ಒಕ್ಕಲು ಅಂದ್ಮೇಲೆ ಅಣ್ತಮ್ಮಿಕೆ ಅಲ್ವಾ? ದೊಡ್ಡಪ್ಪ ಅನ್ನು ನನ್ನ."

"ನಿಮ್ ಡೈರಿ ಕಂಪ್ಯೂಟ್ರು ಕೆಟ್ಟದೆ ದೊಡ್ಡಪ್ಪ, ಇಲ್ಲಿಂದ್ಲೇ ಸರಿ ಮಾಡ್ಬೇಕು. ಪಾಸ್‌ವರ್ಡು ಲಕ್ಕಮ್ಮನ ಹೆಸ್ರೇ ತಾನೇ?"

"ಇನ್ಯಾರ ಹೆಸ್ರು ಇಟ್ಟೇನು ತಾಯಿ? ಲಕ್ಕಮ್ಮ, ಮುಂದ್ಕೆ ಒಂದು ಎಲ್ಡು ಮೂರು. ಈ ಕಡೀಕ್ ಬಂದ್ರೆ ಮನೇಗ್ ಬಾ, ಉಂಡ್ಕಂಡು ಓಗೀಯಂತೆ."

ಸ್ನೇಹಲತಾ ಫೋನಿಟ್ಟು ಅವನ ಹೆಸರಿನ ಮುಂದೆ ಕೆಂಪು ಗುರುತು ಹಾಕಿದಳು.

ಅವಳೇನು ಕಳ್ಳಿಯಲ್ಲ. ಕಂಪ್ಯೂಟರಿಗೆ ಕನ್ನ ಹಾಕುವ ಕಳ್ಳರು ಬರುವ ಮೊದಲೇ ಕಳ್ಳಿಯಂತೆ ಹೋಗಿ, ಬಾಗಿಲು ಯಾರು ತೆಗೆಯುತ್ತಾರೆಂದು ನೋಡಿ ಬರುವುದು ಅವಳ ಕೆಲಸ. ದೇಶದ ಉದ್ದಗಲಕ್ಕೂ ಈಗ ಇದೇ ಹುಯಿಲು; ಬ್ಯಾಂಕಿಗೂ ಈ ಪರೀಕ್ಷೆ ಬೇಕು, ಆಸ್ಪತ್ರೆಗೂ ಬೇಕು, ಹಾಲಿನ ಡೈರಿಗೂ ಬೇಕು. "ಕಳ್ರು ಹೆಚ್ಚಿದಂಗೆಲ್ಲ ಬೀಗದೋರಿಗೆ ಸುಗ್ಗಿ ಕಣಮ್ಮ. ವರ್ಷದಿಂದೆ ನಾಕು ಜನ ಇದ್ವಿ, ಈಗ ಅರವತ್ತು," ಎನ್ನುತ್ತಿದ್ದ ಮ್ಯಾನೇಜರ್ ಸುದರ್ಶನ್. ಆ ಅರವತ್ತರಲ್ಲಿ ಹೊಳೆನರಸೀಪುರದ ಈ ಹುಡುಗಿಯ ನಾಲಿಗೆಗೆ ಸಾಟಿಯಿಲ್ಲ. ಈ ಸೀಮೆಯ ಜನ ಪಾಸ್‌ವರ್ಡಿಗೆ ಮನೆದೇವರನ್ನೇ ಕೂರಿಸುತ್ತಾರೆಂದು ಕಂಡುಹಿಡಿದವಳು ಅವಳೇ. ಯಾವ ದೇವರ ಹೆಸರು ಹೇಳಿದರೂ "ನಮ್ದೂ ಅದೇ" ಅಂದುಬಿಡುವಳು. ಮೂರೇ ತಿಂಗಳಲ್ಲಿ ನಲವತ್ತು ಮನೆಗೆ ಮಗಳಾಗಿದ್ದಳು. ಮಧ್ಯಾಹ್ನದ ಮಂಪರಿನಲ್ಲಿ ಆ ಮನೆಗಳ ಅಂಗಳ, ಒಲೆ, ಕಟ್ಟಿದ ಎಮ್ಮೆಗಳೆಲ್ಲ ಅವಳ ಕಣ್ಣೆದುರು ತೇಲಿ ಹೋಗುತ್ತಿದ್ದವು. ಒಂದು ಮನೆಯನ್ನೂ ಅವಳು ಕಂಡಿರಲಿಲ್ಲ.

ಕೆಂಪು ಗುರುತು ಬಿದ್ದವರ ಬಳಿಗೆ ಹೋಗಿ ಪಾಠ ಹೇಳಿ, ಮತ್ತೊಮ್ಮೆ ಪರೀಕ್ಷಿಸಿ ಬರುವುದು ಆಫೀಸಿನ ಬೇರೆಯವರ ಕೆಲಸ. ಮುಂದಿನ ವಾರ ಕೆಂಪಣ್ಣನ ಡೈರಿಗೆ ಮಾತ್ರ ಅವಳನ್ನೇ ಕಳಿಸಿದರು.

ಡೈರಿಯ ಮಾಲೀಕ ರಜನೀಶ್ ಬಾಗಿಲಲ್ಲೇ ಹೇಳಿದ: "ಕೆಂಪಣ್ಣ ಇವತ್ತೂ ಬಾಯ್ಬಿಟ್ರೆ ಕುರ್ಚಿ ಬಿಡಿಸಿ ಕ್ಯಾನ್ ಎತ್ತಕ್ಕೆ ಆಕ್ತೀನಿ ಮೇಡಂ. ನಂಗೂ ಬ್ಯಾರೆ ದಾರಿಯಿಲ್ಲ."

ಒಳಗೆ ಕೆಂಪಣ್ಣ ಎದ್ದು ನಿಂತ. ವಯಸ್ಸು ಐವತ್ತೇಳು, ಅಂಗಿಯ ಮೇಲೆ ಸೊಂಟನೋವಿನ ಅಗಲ ಪಟ್ಟಿ. ಕ್ಯಾನು ಎತ್ತುವ ಸೊಂಟವಲ್ಲ ಅದು. ಅವಳು ನಮಸ್ಕಾರ ಅಂದದ್ದೇ ತಡ, ಅವನ ಮುಖ ಅರಳಿ, ಹಾಗೆಯೇ ಮುದುಡಿತು.

"ಇದೇ ದನಿ. ಓಗ್ಲಿ ಬಿಡು, ನಿನ್ನ ಕೆಲಸ ನೀನ್ ಮಾಡ್ದೆ." ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತ ಕೇಳಿದ: "ಲಕ್ಕಮ್ಮ ನಿಮ್ಮನೆದೇವ್ರು ಅಂದ್ಯಲ್ಲವ್ವ, ಅದಾದ್ರೂ ದಿಟವಾ?"

ಸ್ನೇಹಲತಾ ಈ ಸಲ ಕಣ್ಣು ಮುಚ್ಚಲಿಲ್ಲ. ಹೂಂ ಅಂದರೆ ಮುಗಿಯಿತು, ಮತ್ತೆ ಮಗಳಾಗಬಹುದು. ಆದರೆ ಮಗಳು ಕೇಳಿದರೆ ಈ ಮನುಷ್ಯ ಹೊಸ ಪಾಸ್‌ವರ್ಡನ್ನೂ ಹೇಳಿಬಿಡುತ್ತಾನೆ, ಕುರ್ಚಿಯನ್ನೂ ಕಳೆದುಕೊಳ್ಳುತ್ತಾನೆ.

"ಇಲ್ಲ ದೊಡ್ಡಪ್ಪ. ನಮ್ಮನೆದೇವ್ರು ಬೇರೆ. ಸುಳ್ಳು ಹೇಳ್ದೆ."

ಕೆಂಪಣ್ಣ ಕುರ್ಚಿಯಲ್ಲಿ ಕೂತ. ಅವಳು ಪಾಠ ಹೇಳಿದಳು, ಅವನು ತಲೆಯಾಡಿಸಿದ. ಹೊಸ ಪಾಸ್‌ವರ್ಡು ಹಾಕುವ ಹೊತ್ತಿಗೆ ಮೆಲ್ಲಗೆ, "ಒಸಿ ಆ ಕಡೀಕ್ ತಿರುಗು," ಎಂದ.

ಅವಳು ಗೋಡೆಗೆ ಮುಖ ಮಾಡಿ ನಿಂತಳು. ಒಂದೇ ಬೆರಳಿನಲ್ಲಿ ಅವನು ಹುಡುಕಿ ಹುಡುಕಿ ಒತ್ತುವುದು ಕೇಳಿಸುತ್ತಿತ್ತು. ಯಾವ ದೇವರೋ, ಯಾವ ಮಗುವೋ. ಸದ್ದು ನಿಂತಿತು. ಇನ್ನು ಪರೀಕ್ಷೆ; ಕೇಳಲೇಬೇಕು. ಹೇಳಬೇಡಪ್ಪ, ಹೇಳಬೇಡ ಎಂದು ಬೇಡಿಕೊಳ್ಳುತ್ತಲೇ ಅವಳು ಈ ಕಡೆ ತಿರುಗಿ ಅದೇ ಸಿಹಿ ದನಿಯಲ್ಲಿ ಕೇಳಿದಳು:

"ಏನಂತ ಇಟ್ರಿ ದೊಡ್ಡಪ್ಪ?"

ಕೆಂಪಣ್ಣ ಅವಳನ್ನು ಒಂದು ಗಳಿಗೆ ನೋಡಿದ.

"ಯೋಳಕ್ಕಾಗಕಿಲ್ಲ, ಮೇಡಮ್ಮೋರೆ."

ಗೆದ್ದ! ಅವಳಿಗೆ ಸಂತೋಷವಾಯಿತು. ಆದರೂ ಅವನ ಹೆಸರಿನ ಮುಂದೆ ಹಸಿರು ಗುರುತು ಹಾಕುವಾಗ ಪರದೆ ಮಂಜಾಗಿ ಕಂಡಿತು.

ಕೆಂಪಣ್ಣ ಹೆಗಲ ಮೇಲಿನ ಟವಲನ್ನು ತೆಗೆದು ಕೀಬೋರ್ಡಿನ ಮೇಲೆ ಹೊದಿಸಿದ. ನಾಲ್ಕೂ ಅಂಚನ್ನು ಎಳೆದು ಅಡಿಗೆ ಸಿಕ್ಕಿಸಿದ. ಆಮೇಲೆ ಸೊಂಟಕ್ಕೆ ಕೈಕೊಟ್ಟುಕೊಂಡು ಅವಳಿಗೆ ಟೀ ತರಲು ಹೋದ.